ಸಂಬಳದ ಪಾಲಕರು

ನಮ್ಮ ಬೀದರ ಜಿಲ್ಲೆಯ ಶಾಲೆಗಳಲ್ಲಿ ತಂದೆ-ತಾಯಿಯರನ್ನು ‘ಪಾಲಕರು’ ಎನ್ನುತ್ತಾರೆ. ಮೈಸೂರಿನ ಕಡೆ ‘ಪೋಷಕರು’ ಎಂಬ ಮಾತು ಹೆಚ್ಚು ಬಳಕೆಯಲ್ಲಿದೆ. ಅದೇ ‘ಪಾಲಕ’ ಎಂಬ ಪದ ಸರ್ಕಾರಿ ವಸತಿ ನಿಲಯದ ಬಾಗಿಲ ಮೇಲೂ ಕಾಣಿಸುತ್ತದೆ: ‘ನಿಲಯ ಪಾಲಕರು’. ಒಬ್ಬರು ಹೆತ್ತವರು, ಇನ್ನೊಬ್ಬರು ತಿಂಗಳ ಸಂಬಳ ಪಡೆಯುವ ನೌಕರರು. ಭಾಷೆ ಇಬ್ಬರಿಗೂ ಒಂದೇ ಹೆಸರು ಕೊಟ್ಟಿದೆ. ಸಮಾಜ ಮಾತ್ರ ಇಬ್ಬರನ್ನೂ ಒಂದೇ ರೀತಿ ಕಾಣುವುದಿಲ್ಲ.

ಉರ್ದುವಿನಲ್ಲಿ ‘ತಾಲೀಮ್’ ಮತ್ತು ‘ತರ್ಬಿಯತ್’ ಎಂಬ ಜೋಡಿ ಪದಗಳಿವೆ. ಪಾಠ ಕಲಿಸುವುದು ತಾಲೀಮ್. ಮಗುವನ್ನು ಮನುಷ್ಯನಾಗಿ ಬೆಳೆಸುವುದು ತರ್ಬಿಯತ್. ತಾಲೀಮಿಗೆ ಸಂಬಳ ಕೊಡುವುದು ನಮಗೆ ವಿಚಿತ್ರ ಎನಿಸುವುದಿಲ್ಲ. ಗಣಿತದ ಮಾಸ್ತರರು ದುಡ್ಡು ಪಡೆದು ಗಣಿತ ಕಲಿಸಿದರೆ ಆ ಗಣಿತವೇನೂ ಸುಳ್ಳಾಗುವುದಿಲ್ಲ. ಆದರೆ ಅಳುವ ಮಗುವಿನ ಹತ್ತಿರ ಕುಳಿತುಕೊಳ್ಳುವುದಕ್ಕೆ, ಊಟ ಬಿಟ್ಟ ಹುಡುಗನನ್ನು ವಿಚಾರಿಸುವುದಕ್ಕೆ, ಹೆದರಿದ ಹುಡುಗಿಯ ಮಾತು ಕೇಳುವುದಕ್ಕೆ ಸಂಬಳ ಎಂದರೆ ಮನಸ್ಸು ಸ್ವಲ್ಪ ಹಿಂಜರಿಯುತ್ತದೆ. ದುಡ್ಡಿಗೆ ಸಿಗುವ ಕಾಳಜಿ ನಿಜವಾದ ಕಾಳಜಿಯೇ? ಈ ಪ್ರಶ್ನೆಯನ್ನು ಇಲ್ಲಿ ಎತ್ತಿಕೊಳ್ಳುತ್ತಿದ್ದೇವೆ. ಯಾಕೆಂದರೆ ಇಂಥ ನೌಕರಿಗೆ ಹೋಗಲು ನಮ್ಮ ಊರುಗಳ ಕೆಲವು ಯುವಕ-ಯುವತಿಯರು ಸಿದ್ಧರಾಗುತ್ತಿದ್ದಾರೆ. ಅವರಿಗೆ ಸಿಗುತ್ತಿರುವ ಉತ್ತರಗಳು ಸರಿಯಾಗಿಲ್ಲ.

ಬಸವಕಲ್ಯಾಣ ಮತ್ತು ಹುಮನಾಬಾದ್ ಸುತ್ತಿನ ಎಷ್ಟೋ ಮಕ್ಕಳು ತಂದೆ-ತಾಯಿಯಿಂದ ದೂರವಿದ್ದು ಓದುತ್ತಾರೆ. ಬಸವಕಲ್ಯಾಣ ತಾಲೂಕಿನ ನಾರಾಯಣಪುರದಲ್ಲಿ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯವಿದೆ. ನಮ್ಮ ಭಾಗದಲ್ಲಿ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಿವೆ; ಕಸ್ತೂರಬಾ ಬಾಲಿಕಾ ವಿದ್ಯಾಲಯಗಳು, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ವಸತಿ ನಿಲಯಗಳು, ಮದರಸಾಗಳು, ಮಠಗಳ ಪ್ರಸಾದ ನಿಲಯಗಳು ಇವೆ. ಹುಮನಾಬಾದಿಗೆ ಹತ್ತಿದ ಮಾಣಿಕನಗರದಲ್ಲಿ ಅಂಧ ಮಕ್ಕಳ ವಸತಿ ಶಾಲೆ ಇದೆ. ತಾಂಡಾಗಳ ಜನ ಸುಗ್ಗಿ ಮುಗಿದ ಮೇಲೆ ಹೈದರಾಬಾದಿಗೆ, ಪುಣೆಗೆ, ಮುಂಬೈಗೆ ದುಡಿಯಲು ಹೋಗುತ್ತಾರೆ. ಹೋಗುವವರ ಮಕ್ಕಳು ಎಲ್ಲಿರಬೇಕು? ಅಜ್ಜಿಯ ಹತ್ತಿರ, ಇಲ್ಲವೇ ಹಾಸ್ಟೆಲಿನಲ್ಲಿ.

ಇದು ಹೊಸದಲ್ಲ. 1472ರಲ್ಲಿ ಕಟ್ಟಿದ ಬೀದರಿನ ಮಹಮೂದ್ ಗವಾನ್ ಮದರಸಾದಲ್ಲಿ ಗುರುಗಳೂ ವಿದ್ಯಾರ್ಥಿಗಳೂ ಒಂದೇ ಕಟ್ಟಡದಲ್ಲಿ ವಾಸವಾಗಿದ್ದರು. ವಿದ್ಯಾರ್ಥಿಗಳ ಕೋಣೆಗಳ ಸಾಲಿನಲ್ಲೇ ಗುರುಗಳ ಮನೆಗಳಿದ್ದವು. ರಾತ್ರಿ ಹುಡುಗನೊಬ್ಬನಿಗೆ ಜ್ವರ ಬಂದರೆ ಯಾರನ್ನು ಎಬ್ಬಿಸಬೇಕು ಎಂಬ ಪ್ರಶ್ನೆಗೆ ಉತ್ತರ ಕಟ್ಟಡದಲ್ಲಿಯೇ ಇತ್ತು. ಇಂದಿನ ಎಷ್ಟೋ ಕಟ್ಟಡಗಳಲ್ಲಿ ಕಂಪ್ಯೂಟರ್ ಕೋಣೆ ಇದೆ, ಸಿ.ಸಿ. ಕ್ಯಾಮೆರಾ ಇದೆ. ರಾತ್ರಿ ಎಬ್ಬಿಸಲು ಮಾತ್ರ ಕಾವಲುಗಾರನ ಹೊರತು ಯಾರೂ ಇರುವುದಿಲ್ಲ.

ಇಂಥ ಕೊರತೆಯ ಬೆಲೆ ಏನು ಎಂಬುದು ದೇಶಕ್ಕೆ ಗೊತ್ತಾಗಿದೆ. 2013ರಿಂದ 2017ರವರೆಗಿನ ಐದು ವರ್ಷಗಳಲ್ಲಿ ದೇಶದ ನವೋದಯ ಶಾಲೆಗಳಲ್ಲಿ 49 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು ಎಂಬ ಸುದ್ದಿ 2018ರ ಡಿಸೆಂಬರಿನಲ್ಲಿ ಹೊರಬಂತು. ಅವರಲ್ಲಿ ಸುಮಾರು ಅರ್ಧದಷ್ಟು ದಲಿತ ಮತ್ತು ಆದಿವಾಸಿ ಮಕ್ಕಳು. ನವೋದಯದಲ್ಲಿ ಪಾಠ ಮಾಡುವ ಶಿಕ್ಷಕರೇ ಹಾಸ್ಟೆಲಿನ ಹೌಸ್ ಮಾಸ್ಟರ್ ಕೂಡ ಆಗಿರುತ್ತಾರೆ. ಹಗಲು ಪಾಠ, ಸಂಜೆ ಅಭ್ಯಾಸದ ಮೇಲ್ವಿಚಾರಣೆ, ರಾತ್ರಿ ಹಾಜರಿ. ಇಷ್ಟೆಲ್ಲ ಮಾಡುವ ಶಿಕ್ಷಕರಲ್ಲಿ ಪ್ರೀತಿ ಇರಲಿಲ್ಲ ಎಂದು ಯಾರೂ ಹೇಳಲಾರರು. ಇಲ್ಲದ್ದು ಪುರುಸೊತ್ತು. ಇಂಥ ಮಾತು ಕೇಳಲು ಬೇಕಾದ ತರಬೇತಿಯೂ ಹೆಚ್ಚಿನವರಿಗೆ ಸಿಕ್ಕಿರಲಿಲ್ಲ.

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣ ಅದು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ಮಕ್ಕಳ ಮನಸ್ಸಿನ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬರಾದರೂ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ಹೊಂದಿರಬೇಕು, ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು ಎಂದು ಕೋರ್ಟ್ ಹೇಳಿತು. ಇದಕ್ಕಾಗಿ ಕಾನೂನು ಬರುವವರೆಗೂ ಈ ಮಾತೇ ಕಟ್ಟುನಿಟ್ಟು. ಹೀಗಾಗಿ ಕಾಗದದ ಮೇಲಾದರೂ ಒಂದು ಹೊಸ ನೌಕರಿ ಹುಟ್ಟಿದೆ.

ಈ ನೌಕರಿಗೆ ಹೋಗುವವರಿಗೆ ನಾವು ಏನು ಹೇಳುತ್ತಿದ್ದೇವೆ? ಹುಮನಾಬಾದಿನ ನಮ್ಮ ಪರಿಚಯದ ಮನೆಯ ಹೆಣ್ಣುಮಗಳೊಬ್ಬಳು ಎಂ.ಎಸ್.ಡಬ್ಲ್ಯು. ಮುಗಿಸಿ ವಸತಿ ಶಾಲೆಯಲ್ಲಿ ಕೆಲಸಕ್ಕೆ ಸೇರುತ್ತೇನೆ ಎಂದಾಗ ಅವಳ ತಂದೆ ನಮ್ಮೆದುರಿಗೇ ಅಂದರು: “ಟೀಚರ್ ಆಗಿದ್ರ ನಾಕು ಮಂದಿ ನಮಸ್ಕಾರ ಮಾಡ್ತಿದ್ರು. ಇದು ಆಯಾನ ಕೆಲಸ ಅಲ್ಲೇನ್ರಿ?” ಅವರು ಕೆಟ್ಟವರಲ್ಲ. ಸಮಾಜ ಕಲಿಸಿದ ಲೆಕ್ಕವನ್ನೇ ಅವರು ಹೇಳಿದರು. ಮಗುವಿನ ತಲೆಗೆ ಏನಾದರೂ ತುಂಬುವವರು ಗುರುಗಳು, ಮಗುವಿನ ಮೂಗು ಒರೆಸುವವರು ಆಳು ಎಂಬುದು ಆ ಲೆಕ್ಕ. ಮನೆಯಲ್ಲಿ ಹೆಂಗಸರು ಪುಕ್ಕಟೆ ಮಾಡುವ ಕೆಲಸಕ್ಕೆ ಹೊರಗೂ ಬೆಲೆ ಇಲ್ಲ. ಇನ್ನೊಂದು ಕಡೆಯಿಂದ ದೊಡ್ಡವರ ಉಪದೇಶ ಬರುತ್ತದೆ: “ಇದು ನೌಕರಿ ಅಲ್ಲ, ಸೇವೆ. ಸಂಬಳದ ಕಡೆ ನೋಡಬ್ಯಾಡ.” ಮೊದಲನೆಯ ಮಾತು ಈ ಕೆಲಸವನ್ನು ನೆಲಕ್ಕೆ ಇಳಿಸುತ್ತದೆ, ಎರಡನೆಯದು ಆಕಾಶಕ್ಕೆ ಏರಿಸುತ್ತದೆ. ಎರಡರಿಂದಲೂ ಕೈಗೆ ಬರುವ ಸಂಬಳ ಮಾತ್ರ ಅಷ್ಟೇ ಕಡಿಮೆ.

‘ಸೇವೆ’ ಎಂಬ ಮಾತನ್ನು ನಾವು ಸ್ವಲ್ಪ ನಿಂತು ನೋಡಬೇಕು. ತಾಯಿಯ ಪ್ರೀತಿಗೆ ಸಂಬಳವಿಲ್ಲ ನಿಜ. ಆದರೆ ಹಾಸ್ಟೆಲಿನಲ್ಲಿರುವ ಇನ್ನೂರು ಮಕ್ಕಳಿಗೆ ಯಾರೂ ತಾಯಿಯಾಗಲಾರರು. ಆಗುತ್ತೇನೆ ಎನ್ನುವವರು ಹತ್ತು ಮಕ್ಕಳಿಗೆ ತಾಯಿಯಾಗುತ್ತಾರೆ, ಉಳಿದ ನೂರಾತೊಂಬತ್ತು ಮಕ್ಕಳಿಗೆ ಮಲತಾಯಿ. ಪ್ರೀತಿ ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತದೆ. ಚೆಂದ ಮಾತಾಡುವ ಮಗು, ಜಾಣ ಮಗು, ನಮ್ಮ ಭಾಷೆಯ ಮಗು, ನಮ್ಮ ಜಾತಿಯ ಮಗು ಬೇಗ ಹತ್ತಿರವಾಗುತ್ತದೆ. ಕರ್ತವ್ಯ ಹಾಗೆ ಆರಿಸಿಕೊಳ್ಳುವಂತಿಲ್ಲ. ಮೂಗಿನಲ್ಲಿ ಸಿಂಬಳ ಸುರಿಸುತ್ತಾ ಮೂಲೆಯಲ್ಲಿ ಕೂತ, ಸುಳ್ಳು ಹೇಳುವ, ಕದಿಯುವ ಹುಡುಗನೂ ಪಾಲಕನ ಲೆಕ್ಕದಲ್ಲಿ ಒಬ್ಬನೇ.

ಇನ್ನೂ ದೊಡ್ಡ ಮಾತೊಂದಿದೆ. ಉಪಕಾರದಿಂದ ಋಣ ಹುಟ್ಟುತ್ತದೆ. ನಮ್ಮ ಸಮುದಾಯದ ಯತೀಮ್‌ಖಾನಾಗಳಲ್ಲಿರಲಿ, ಯಾವುದೇ ಧರ್ಮದ ದಾಸೋಹದ ಹಾಸ್ಟೆಲುಗಳಲ್ಲಿರಲಿ, ಮಕ್ಕಳಿಗೆ ಮೊದಲು ಕಲಿಸುವುದು ಕೃತಜ್ಞತೆ. ದಾನಿಗಳು ಬಂದಾಗ ಸಾಲಾಗಿ ನಿಲ್ಲಬೇಕು, ಹಾಡಬೇಕು, ದುವಾ ಮಾಡಬೇಕು. ಕೃತಜ್ಞತೆ ಒಳ್ಳೆಯ ಗುಣ. ಆದರೆ ಅನ್ನ ಕೊಟ್ಟ ಕೈಗೆ ಋಣಿಯಾದ ಮಗು ಆ ಕೈ ಹೊಡೆದಾಗ ಯಾರಿಗೆ ಹೇಳಬೇಕು? ‘ಉಂಡ ಮನೆಗೆ ಎರಡು ಬಗೆಯಬಾರದು’ ಎಂದು ಕಲಿತ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಹೊರೆಯಾದ ಋಣ ಮಗುವಿನ ದೂರನ್ನು ಕೊಲ್ಲುತ್ತದೆ. ಸಂಬಳ ಈ ಋಣವನ್ನು ಕತ್ತರಿಸುತ್ತದೆ. ಈ ಮನುಷ್ಯ ನನ್ನ ಮಾತು ಕೇಳುವುದು ಕನಿಕರದಿಂದಲ್ಲ, ಅದು ಅವರ ಕೆಲಸ ಎಂದು ಮಗುವಿಗೆ ಗೊತ್ತಾದರೆ ಅದು ತಲೆ ಎತ್ತಿ ಮಾತಾಡಬಹುದು. ಕಾಳಜಿ ಮಾಡಲಿಲ್ಲ ಎಂದು ದೂರಲೂಬಹುದು. ಆದ್ದರಿಂದ ಸಂಬಳ ಕಾಳಜಿಯನ್ನು ಅಗ್ಗ ಮಾಡುತ್ತದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಸಂಬಳದಿಂದಲೇ ಕಾಳಜಿ ಮಗುವಿನ ಹಕ್ಕಾಗುತ್ತದೆ.

ಇಂಗ್ಲೆಂಡಿನ ಶಾಲೆಗಳಲ್ಲಿ ಈ ಕೆಲಸಕ್ಕೆ ‘ಪಾಸ್ಟೋರಲ್ ಕೇರ್’ ಎನ್ನುತ್ತಾರೆ. ಪಾಸ್ಟರ್ ಎಂದರೆ ಮೂಲದಲ್ಲಿ ಕುರಿ ಕಾಯುವವನು. ಚರ್ಚಿನಿಂದ ಬಂದ ಮಾತು. ಆದರೆ ಆ ಹೋಲಿಕೆ ಯಾವ ಧರ್ಮಕ್ಕೂ ಪರಕೀಯವಲ್ಲ. ಪ್ರವಾದಿಗಳು ಕುರಿ ಕಾಯ್ದವರು ಎಂಬುದನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ನಮ್ಮ ಹೊಲಗಳಲ್ಲಿ ಮಂದೆ ತರುಬುವ ಕುರುಬರನ್ನು ನೋಡಿದವರಿಗೆ ಗೊತ್ತು, ಅವರು ಕುರಿ ಎಣಿಸುವುದಕ್ಕಿಂತ ಗುರುತಿಸುವುದು ಹೆಚ್ಚು. ಯಾವುದು ಕುಂಟುತ್ತಿದೆ, ಯಾವುದು ಮೇವು ಬಿಟ್ಟಿದೆ ಎಂಬುದು ದೂರದಿಂದಲೇ ತಿಳಿಯುತ್ತದೆ. ಆದರೆ ಹೋಲಿಕೆಗೆ ಒಂದು ಮಿತಿ ಇದೆ. ಕುರಿ ಸಾಕುವವನು ಕೊನೆಗೆ ಅದನ್ನು ಸಂತೆಗೆ ಒಯ್ಯುತ್ತಾನೆ. ನಮ್ಮ ಶಾಲೆಗಳೂ ಹಾಗೆ ಆಗುತ್ತಿಲ್ಲವೇ? ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಕೆಳಗಿರುವುದು ಎಲ್ಲರಿಗೂ ತಿಳಿದ ವಿಷಯ. 2025ರಲ್ಲಿ ನಮ್ಮ ನೆರೆಯ ಕಲಬುರಗಿ ಕೊನೆಯ ಸ್ಥಾನದಲ್ಲಿತ್ತು. ಪಟ್ಟಿ ಬಂದ ಕೂಡಲೇ ಮೇಲಿನಿಂದ ಒತ್ತಡ ಇಳಿಯುತ್ತದೆ, ಅದು ಕೊನೆಗೆ ಮಗುವಿನ ಹೆಗಲಿಗೆ ಬರುತ್ತದೆ. ಅಂಕ ಹೆಚ್ಚಿಸುವುದಕ್ಕೆಂದೇ ಮಗುವಿನ ಮನಸ್ಸನ್ನು ವಿಚಾರಿಸಿದರೆ ಅದು ಸಂತೆಗಾಗಿ ಮೇಯಿಸಿದಂತೆ. ಫೇಲಾಗುವ ಮಗುವಿನ ಮನಸ್ಸಿಗೂ ಅಷ್ಟೇ ತೂಕವಿದೆ. ಪಾಲಕನಾಗಿ ಸೇರುವವರು ಮುಖ್ಯೋಪಾಧ್ಯಾಯರಿಗೆ ಮೊದಲ ದಿನವೇ ಇದನ್ನು ವಿನಯದಿಂದ ಹೇಳಿಡುವುದು ಒಳ್ಳೆಯದು.

ಹಾಗಾದರೆ ಕೆಲಸ ಏನು? ಬಹುಪಾಲು ನೋಡುವುದು. ಊಟದ ಮನೆಯಲ್ಲಿ ಯಾರ ತಾಟಿನಲ್ಲಿ ಅನ್ನ ಉಳಿಯಿತು, ಭಾನುವಾರ ಯಾರನ್ನು ನೋಡಲು ಯಾರೂ ಬರಲಿಲ್ಲ, ಹಬ್ಬಕ್ಕೆ ಗಂಟು ಕಟ್ಟದೆ ಉಳಿದವರು ಯಾರು. ಪ್ರತಿ ಸೋಮವಾರ “ಹೊಟ್ಟಿ ನೋಯ್ಲತ್ತದ್ರಿ ಸರ್” ಎನ್ನುವ ಹುಡುಗನ ಹೊಟ್ಟೆಯಲ್ಲಿ ಏನೂ ಇರಲಿಕ್ಕಿಲ್ಲ. ಸೋಮವಾರದ ಮೊದಲ ತಾಸು ಯಾವ ಪಾಠ, ಯಾವ ಮಾಸ್ತರರು ಎಂದು ನೋಡಬೇಕು. ಮುಟ್ಟಾದ ಹುಡುಗಿ ಕೇಳಲು ನಾಚಿ ಶಾಲೆ ತಪ್ಪಿಸುತ್ತಾಳೆ. ಅವಳಿಗೆ ಬೇಕಾದ್ದು ಉಪದೇಶವಲ್ಲ, ಕೇಳದೆಯೇ ಸಿಗುವ ಪ್ಯಾಡು ಮತ್ತು ಚಿಲಕ ಇರುವ ಬಾಗಿಲು. ಇಂಥ ಸಣ್ಣ ಸಂಗತಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಟ್ಟರೆ ತಿಂಗಳಾದ ಮೇಲೆ ಅದೇ ಮಾತಾಡುತ್ತದೆ.

ನಮ್ಮ ಗಡಿ ತಾಲೂಕುಗಳಲ್ಲಿ ಇನ್ನೊಂದು ಕೆಲಸವಿದೆ, ಅದು ಭಾಷೆಯದು. ಒಂದೇ ಹಾಸ್ಟೆಲಿನಲ್ಲಿ ಕನ್ನಡದ ಮಗು, ದಖನಿ ಉರ್ದುವಿನ ಮಗು, ಮರಾಠಿಯ ಮಗು, ಲಂಬಾಣಿಯ ಮಗು ಇರುತ್ತವೆ. ಪಾಠ ಯಾವ ಭಾಷೆಯಲ್ಲಾದರೂ ಕಲಿಯಬಹುದು. ಅಳುವುದು ಮಾತ್ರ ಮನೆಯ ಭಾಷೆಯಲ್ಲಿ. ನವೋದಯದಲ್ಲಿ ಒಂಬತ್ತನೆಯ ತರಗತಿಯ ಶೇ. 30ರಷ್ಟು ಮಕ್ಕಳನ್ನು ಒಂದು ವರ್ಷ ಬೇರೆ ಭಾಷೆಯ ರಾಜ್ಯಕ್ಕೆ ಕಳಿಸುವ ಪದ್ಧತಿ ಇದೆ. ದೇಶ ಪರಿಚಯವಾಗಲಿ ಎಂಬ ಉದ್ದೇಶ ಒಳ್ಳೆಯದು. ಹದಿನಾಲ್ಕರ ವಯಸ್ಸಿನಲ್ಲಿ ಪರಭಾಷೆಯ ಊರಲ್ಲಿ ರಾತ್ರಿ ಎಚ್ಚರವಾದಾಗ ಆ ಮಗುವಿಗೆ ತನ್ನ ಮಾತಿನ ಒಬ್ಬರು ಬೇಕು. ನಮ್ಮಲ್ಲಿ ಈ ಕೆಲಸಕ್ಕೆ ಬರುವವರು ನಾಲ್ಕೂ ಭಾಷೆಗಳಲ್ಲಿ ಭಾಷಣ ಮಾಡಬೇಕಾಗಿಲ್ಲ. “ಏನಾಯಿತು?” ಎಂದು ನಾಲ್ಕೂ ಭಾಷೆಗಳಲ್ಲಿ ಕೇಳಲು ಬಂದರೆ ಸಾಕು, ಉಳಿದದ್ದನ್ನು ಮಗುವೇ ಕಲಿಸುತ್ತದೆ.

ಈಗ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ರಾತ್ರಿ ಹದಿಮೂರು ವರ್ಷದ ಹುಡುಗಿ ಬಾಗಿಲಲ್ಲಿ ನಿಂತು ಹೇಳುತ್ತಾಳೆ ಎಂದುಕೊಳ್ಳೋಣ: “ಒಂದು ಮಾತು ಹೇಳ್ತೀನಿ ಮೇಡಂ, ಯಾರಿಗೂ ಹೇಳಲ್ಲಂತ ಆಣಿ ಮಾಡ್ರಿ.” ಏನು ಉತ್ತರ ಕೊಡಬೇಕು? ಆಣೆ ಮಾಡಿದರೆ ನಾಳೆ ಅದನ್ನು ಮುರಿಯಬೇಕಾಗಬಹುದು. ಒಲ್ಲೆ ಎಂದರೆ ಅವಳು ತಿರುಗಿ ಹೋಗುತ್ತಾಳೆ, ಮತ್ತೆ ಬರುವುದಿಲ್ಲ.

2012ರ ಪೋಕ್ಸೊ ಕಾಯ್ದೆ ಇಲ್ಲಿ ಸ್ಪಷ್ಟವಾಗಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಶಿಕ್ಷೆ ಇದೆ. ಕಾನೂನಿನ ಭಯದಿಂದ ತಿಳಿಸುವುದು ಒಂದು ಬಗೆ. ಅದಕ್ಕಿಂತ ಆಳವಾದ ಕಾರಣವಿದೆ. ಗುಟ್ಟು ಎಂಬುದು ಅಮಾನತ್, ಯಾರೋ ನಂಬಿ ನಮ್ಮಲ್ಲಿ ಇಟ್ಟ ಸ್ವತ್ತು. ಅಮಾನತ್ತಿನ ಅರ್ಥ ಪೆಟ್ಟಿಗೆಗೆ ಬೀಗ ಹಾಕಿ ಕೂರುವುದಷ್ಟೇ ಅಲ್ಲ. ಒಡವೆ ಇಟ್ಟ ಮನೆಗೆ ಬೆಂಕಿ ಬಿದ್ದರೆ ಪೆಟ್ಟಿಗೆ ಮುಟ್ಟಬೇಡ ಎಂದಿದ್ದರು ಎಂದು ನಾವು ಸುಮ್ಮನಿರುತ್ತೇವೆಯೇ? ಹೊತ್ತುಕೊಂಡು ಹೊರಗೆ ಓಡುತ್ತೇವೆ. ಒಡೆಯನ ಒಳಿತಿಗಾಗಿ ಕಾಯುವುದೇ ಅಮಾನತ್. ಆದರೆ ಬೆಂಕಿ ಇಲ್ಲದಾಗ ಪೆಟ್ಟಿಗೆ ತೆರೆದು ಸ್ಟಾಫ್ ರೂಮಿನಲ್ಲಿ ಒಡವೆ ತೋರಿಸುವುದು ಕಳ್ಳತನ. ಹುಡುಗಿ ಯಾರನ್ನು ಇಷ್ಟಪಡುತ್ತಾಳೆ, ಹುಡುಗನ ತಂದೆ ಕುಡಿಯುತ್ತಾರೆಯೇ ಎಂಬ ಮಾತುಗಳು ಚಹಾದ ಜೊತೆ ಹಂಚುವ ವಸ್ತುವಲ್ಲ.

ಹಾಗಾಗಿ ಆ ಹುಡುಗಿಗೆ ಕೊಡಬೇಕಾದ ಉತ್ತರ ಆಣೆಯೂ ಅಲ್ಲ, ನಿರಾಕರಣೆಯೂ ಅಲ್ಲ. “ನಿನ್ನ ಮಾತು ನನ್ನ ಹತ್ರಾನೇ ಇರ್ತದ. ಆದ್ರ ಯಾರರೆ ನಿನಗ ತ್ರಾಸ ಕೊಡ್ಲತ್ತಿದ್ರ, ಇಲ್ಲಾ ನಿನ್ನ ಜೀವಕ್ಕ ಅಪಾಯ ಇದ್ರ, ನಾ ಒಬ್ಬಾಕಿ ಇಟ್ಕೊಂಡು ಕೂಡೋದಿಲ್ಲ. ಯಾರಿಗೆ ಹೇಳ್ತೀನಿ ಅನ್ನೋದು ಮೊದಲು ನಿನಗ ಹೇಳ್ತೀನಿ.” ಇದನ್ನು ಅವಳು ಬಾಯಿ ತೆರೆಯುವ ಮೊದಲೇ ಹೇಳಬೇಕು. ಶಾಲೆ ಶುರುವಾದ ವಾರವೇ ಎಲ್ಲ ಮಕ್ಕಳಿಗೂ ಹೇಳಿಟ್ಟರೆ ಇನ್ನೂ ಒಳ್ಳೆಯದು. ಸತ್ಯ ಹೇಳಿದ್ದಕ್ಕೆ ಕೆಲವು ಮಕ್ಕಳು ಹಿಂದೆ ಸರಿಯಬಹುದು. ಆದರೆ ದೊಡ್ಡವರ ಮೋಸವನ್ನು ಈಗಾಗಲೇ ಕಂಡ ಮಗುವಿಗೆ ಇನ್ನೊಬ್ಬ ದೊಡ್ಡವರು ಸುಳ್ಳು ಹೇಳಬಾರದು.

ನಮ್ಮ ಊರುಗಳಲ್ಲಿ ಹೇಳಿಕೊಳ್ಳುವ ಜಾಗಗಳಿಗೆ ಬರವಿಲ್ಲ. ಬಸವಕಲ್ಯಾಣದ ರಾಜಾ ಬಾಗ್ ಸವಾರ್ ದರ್ಗಾದಲ್ಲಿ, ಹುಮನಾಬಾದಿನ ಮಾಣಿಕಪ್ರಭುಗಳ ಸನ್ನಿಧಿಯಲ್ಲಿ ಎಲ್ಲ ಜಾತಿಯ ಜನ ನಿಂತು ತಮ್ಮ ದುಃಖ ಹೇಳಿಕೊಳ್ಳುತ್ತಾರೆ. ಹನ್ನೆರಡನೆಯ ಶತಮಾನದ ಅನುಭವ ಮಂಟಪದ ಹೆಸರು ಹೇಳಿದರೆ ಎಲ್ಲ ಕಾಯಕದವರೂ ಬಂದು ಕುಳಿತು ಮಾತಾಡಿದ್ದನ್ನೇ ನೆನೆಯುತ್ತೇವೆ. ಅದರ ನೆನಪಿಗೆ ಹೊಸ ಮಂಟಪ ಕಟ್ಟಲು 2021ರಲ್ಲಿ ಶಂಕುಸ್ಥಾಪನೆಯೂ ಆಯಿತು. ಆದರೆ ಈ ಎಲ್ಲ ಜಾಗಗಳೂ ದೊಡ್ಡವರವು. ಹನ್ನೊಂದು ವರ್ಷದ ಮಗು ತನ್ನ ಮಾತು ಹೇಳಿ ಉತ್ತರ ಪಡೆಯುವ ಜಾಗ ಯಾವುದು? ಶಾಲೆಯ ದೂರು ಪೆಟ್ಟಿಗೆಯೇ? ಅದರ ಕೀಲಿ ಯಾರ ಕೈಯಲ್ಲಿದೆ ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತು.

ಈ ಹಾದಿ ಹಿಡಿಯುವವರಿಗೆ ಒಂದೆರಡು ವ್ಯವಹಾರದ ಮಾತು. ಸಮಾಜಕಾರ್ಯ ಇಲ್ಲವೇ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿ ನೇರ ದಾರಿ. ಈಗಾಗಲೇ ಶಿಕ್ಷಕರಾಗಿರುವವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಎನ್.ಸಿ.ಇ.ಆರ್.ಟಿ. ನಡೆಸುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ ಇದೆ. ಪದವಿಗಿಂತ ಮುಖ್ಯವಾದದ್ದು ತನ್ನ ಗಡಿ ತಿಳಿದಿರುವುದು. ಆಪ್ತಸಮಾಲೋಚಕರು ವೈದ್ಯರಲ್ಲ. ದಿನಗಟ್ಟಲೆ ನಿದ್ದೆ ಬಿಟ್ಟ, ಸಾಯುವ ಮಾತಾಡುವ ಮಗುವನ್ನು ಆಸ್ಪತ್ರೆಗೆ ಒಯ್ಯಬೇಕು, ಒಬ್ಬರೇ ಗೆಲ್ಲಿಸುತ್ತೇನೆ ಎಂದು ಹಟ ಹಿಡಿಯಬಾರದು. ಜಿಲ್ಲಾ ಆಸ್ಪತ್ರೆ ಹುಮನಾಬಾದಿನಿಂದ ಸುಮಾರು 50, ಬಸವಕಲ್ಯಾಣದಿಂದ ಸುಮಾರು 80 ಕಿಲೋಮೀಟರ್ ದೂರ. ಯಾವ ಗಾಡಿಯಲ್ಲಿ, ಯಾರ ಜೊತೆ, ಯಾರ ಖರ್ಚಿನಲ್ಲಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಆರೋಗ್ಯಕ್ಕಾಗಿ 2022ರಲ್ಲಿ ಶುರುವಾದ ಟೆಲಿ ಮಾನಸ್ 14416. ಇವೆರಡು ಸಂಖ್ಯೆಗಳು ಮಕ್ಕಳು ಓಡಾಡುವ ಗೋಡೆಯ ಮೇಲೆ ಇರಬೇಕು.

ಇನ್ನೊಂದು ಎಚ್ಚರಿಕೆ. ಗಲಾಟೆ ಮಾಡಿದ ಹುಡುಗನನ್ನು “ನಡಿ, ಕೌನ್ಸೆಲರ್ ಹತ್ರ” ಎಂದು ಶಿಕ್ಷೆಯ ಹಾಗೆ ಕಳಿಸುವ ರೂಢಿ ಬೀಳಬಾರದು. ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಬೆತ್ತದ ಜಾಗಕ್ಕೆ ಸಮಾಲೋಚಕರನ್ನು ಕೂರಿಸಿದರೆ ಬೆತ್ತ ಬದಲಾಯಿತಷ್ಟೆ. ಅಂಥ ಬಾಗಿಲಿಗೆ ಯಾವ ಮಗುವೂ ತಾನಾಗಿ ಬರುವುದಿಲ್ಲ.

ಕೊನೆಯ ಮಾತು ಶಾಲೆ ನಡೆಸುವವರಿಗೆ, ಅದರಲ್ಲೂ ನಮ್ಮ ಸಮುದಾಯದ ಕಮಿಟಿಗಳಿಗೆ. ಮಕ್ಕಳು ನಂಬುವುದಕ್ಕೆ ಕಾಲ ಬೇಕು. ಜೂನಿನಲ್ಲಿ ಬಂದು ಮಾರ್ಚಿನಲ್ಲಿ ಗುತ್ತಿಗೆ ಮುಗಿಸಿ ಹೋಗುವವರಿಗೆ ಯಾವ ಮಗು ತನ್ನ ಮನಸ್ಸು ಬಿಚ್ಚೀತು? ಬಿಚ್ಚಿದ ಮಗುವಿಗೆ ಮುಂದಿನ ಜೂನಿನಲ್ಲಿ ಹೊಸ ಮುಖ ತೋರಿಸಿದರೆ ಅದು ಇನ್ನೊಮ್ಮೆ ಬಿಟ್ಟುಹೋದ ಪಾಲಕ. ಕಮಾನು ಕಟ್ಟಲು, ಮಿನಾರು ಏರಿಸಲು, ದಾನಿಗಳ ಹೆಸರು ಕಲ್ಲಿನಲ್ಲಿ ಕೆತ್ತಲು ನಮ್ಮಲ್ಲಿ ಚಂದಾ ಸೇರುತ್ತದೆ. ಒಬ್ಬ ಪಾಲಕರ ಐದು ವರ್ಷದ ಸಂಬಳವನ್ನು ಮೊದಲೇ ತೆಗೆದಿಟ್ಟು ಆಮೇಲೆ ಹಾಸ್ಟೆಲಿನ ಬುನಾದಿ ಹಾಕಿದ ಕಮಿಟಿ ಎಷ್ಟಿವೆ? ಅಷ್ಟು ಹಣವಿಲ್ಲ ಎನ್ನುವವರು ಮಕ್ಕಳನ್ನು ಇಟ್ಟುಕೊಳ್ಳುವ ಜವಾಬ್ದಾರಿಯನ್ನೂ ಸದ್ಯಕ್ಕೆ ತೆಗೆದುಕೊಳ್ಳದಿರುವುದು ವಾಸಿ. ಗೋಡೆ ಒಂದು ವರ್ಷ ಸುಣ್ಣವಿಲ್ಲದೆ ನಿಲ್ಲಬಲ್ಲದು. ಮನೆಯಿಂದ ಮೊದಲ ಬಾರಿ ಹೊರಗೆ ಮಲಗಿದ ಮಗು ಒಂದು ರಾತ್ರಿಯೂ ಯಾರೂ ಇಲ್ಲದೆ ಇರಬಾರದು.